ಕಾಗದದ ಬಟ್ಟಲಲ್ಲಿ ಮೈಸೂರುಪಾಕು

ಗುಲಾಬ್ ಜಾಮೂನು ಕಪ್‌ಕೇಕು, ರಸಮಲಾಯಿ ಕಪ್‌ಕೇಕು, ಮೈಸೂರುಪಾಕಿನ ಕಪ್‌ಕೇಕು, ಒಬ್ಬಟ್ಟಿನ ಕಪ್‌ಕೇಕು. ನಮ್ಮಂಥ ಊರುಗಳ ಬೇಕರಿಯ ಗಾಜಿನ ಕಪಾಟಿಗೂ, ಮನೆಯಲ್ಲೇ ಮಾಡಿ ಮಾರುವ ಹೆಣ್ಣುಮಕ್ಕಳ ಡಬ್ಬಿಗಳಿಗೂ ಇವೆಲ್ಲ ಬಂದು ಕೂತಿವೆ. ಜೊತೆಗೆ ‘ಮೊಟ್ಟೆ ಹಾಕಿಲ್ಲ’ ಎಂಬ ಭರವಸೆ ಬೇರೆ. ಹೊಸದನ್ನು ಕಂಡೊಡನೆ ಮೂಗು ಮುರಿಯುವುದು ನಮ್ಮ ವಯಸ್ಸಿನವರ ಅಭ್ಯಾಸ, ಹೊಗಳುವುದು ಮಕ್ಕಳ ಅಭ್ಯಾಸ. ಎರಡನ್ನೂ ಬಿಟ್ಟು ತಿಂದು ನೋಡಿ ಮಾತಾಡೋಣ. ಕವಿತೆ ಕಾದಂಬರಿಗಳಿಗೆ ವಿಮರ್ಶೆ ಇರುವಾಗ ತಿಂಡಿಗೇಕೆ ಇರಬಾರದು?

ಮೊದಲು ಮೊಟ್ಟೆಯ ವಿಚಾರ. ಕಡೆದಾಗ ಗಾಳಿಯನ್ನು ಹಿಡಿದಿಟ್ಟುಕೊಂಡು ಕೇಕನ್ನು ಹಗುರ ಮಾಡುವುದು, ಜಿಡ್ಡನ್ನೂ ನೀರನ್ನೂ ಒಂದಾಗಿ ಹಿಡಿಯುವುದು, ಶಾಖಕ್ಕೆ ಗಟ್ಟಿಯಾಗಿ ಉಬ್ಬಿದ ಕೇಕು ಕುಸಿಯದಂತೆ ನಿಲ್ಲಿಸುವುದು ಮೊಟ್ಟೆಯ ಕೆಲಸ. ಅದನ್ನು ಬಿಟ್ಟರೆ ಈ ಕೆಲಸವನ್ನು ಬೇರೆಯವರಿಗೆ ಹಂಚಬೇಕು. ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಗಟ್ಟಿ ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ, ಅರ್ಧ ಚಹಾ ಚಮಚ ಅಡುಗೆ ಸೋಡಾ, ಒಂದೂಕಾಲು ಚಹಾ ಚಮಚ ಬೇಕಿಂಗ್ ಪೌಡರ್. 180 ಡಿಗ್ರಿ ಶಾಖದಲ್ಲಿ ಸುಮಾರು 20 ನಿಮಿಷ. ಮೊಸರಿನ ಹುಳಿ ಸೋಡಾವನ್ನು ಸೇರಿದಾಗ ಏಳುವ ಅನಿಲವೇ ಹಿಟ್ಟನ್ನು ಮೇಲಕ್ಕೆತ್ತುತ್ತದೆ. ರವೆ ಇಡ್ಲಿ ಮಾಡಿದವರಿಗೆಲ್ಲ ಈ ಗುಟ್ಟು ಗೊತ್ತು.

ನಮ್ಮ ನಾಡಿಗೆ ಮೊಟ್ಟೆಯಿಲ್ಲದ ಕೇಕೂ ಹೊಸದಲ್ಲ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಸೋದರರು ಬೆಂಗಳೂರಿನಲ್ಲಿ ಬೇಕರಿ ತೆರೆದದ್ದು 1898ರಲ್ಲಿ. ಅಯ್ಯಂಗಾರ್ ಬೇಕರಿಗಳ ಆ ಪರಂಪರೆ ನಮಗೆ ಕೊಟ್ಟ ಹನಿ ಕೇಕನ್ನು ನೆನಪಿಸಿಕೊಳ್ಳಿ. ಮೆತ್ತನೆಯ ಕೇಕಿಗೆ ಸಕ್ಕರೆಪಾಕ, ಮೇಲೊಂದು ಪದರ ಜಾಮು, ಅದರ ಮೇಲೆ ಒಣ ಕೊಬ್ಬರಿಯ ಪುಡಿ. ಜಾಮೂನಿನಂತೆ ಪಾಕ ಕುಡಿದ ಕೇಕು ಅದು. ಯಾರೂ ಅದನ್ನು ‘ಫ್ಯೂಶನ್’ ಎನ್ನಲಿಲ್ಲ, ತಿಂದರು ಅಷ್ಟೆ. ಅದು ನಮ್ಮ ಸಿಹಿತಿಂಡಿಯಿಂದ ಪಡೆದದ್ದು ಪಾಕದಲ್ಲಿ ನೆನೆಸುವ ಕ್ರಮವನ್ನು, ಅಲಂಕಾರವನ್ನಲ್ಲ.

ಈಗಿನ ಕಪ್‌ಕೇಕುಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಮೇಲಿನ ಕ್ರೀಮನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಕೇಕನ್ನಷ್ಟೇ ತಿಂದು ನೋಡಿ. ಬಹುಪಾಲು ಒಂದೇ ರುಚಿ: ಏಲಕ್ಕಿ ಹಾಕಿದ ಮೈದಾ. ಕೇಸರಿ ಎಳೆ ಉದುರಿಸಿದರೆ ಅದೇ ರಸಮಲಾಯಿ, ಗುಲಾಬಿ ದಳ ಇಟ್ಟರೆ ಅದೇ ಜಾಮೂನು. ಹಿಟ್ಟಿನೊಳಗೆ ಇಡೀ ಜಾಮೂನನ್ನೇ ಹುದುಗಿಸುವವರೂ ಇದ್ದಾರೆ. ಅದು ತಳಕ್ಕಿಳಿದು, ಪಾಕ ಸುತ್ತಲಿನ ಹಿಟ್ಟಿಗೆ ಹರಡಿ, ಅಷ್ಟು ಜಾಗ ಹಸಿಹಸಿಯಾಗಿ ಉಳಿಯುತ್ತದೆ. ರಸಮಲಾಯಿಯದು ಇನ್ನೊಂದು ಪಾಡು. ಕುದಿಯುವ ಪಾಕದಲ್ಲಿ ಬೆಂದ ಛೆನ್ನಾ ಹಾಲನ್ನು ಹೀರಿಯೂ ತನ್ನ ಆಕಾರ ಬಿಡುವುದಿಲ್ಲ. ಮೊಸರಿನ ಕೇಕಿಗೆ ಅಷ್ಟು ಹಾಲು ಹೊಯ್ದರೆ ಕಾಗದದ ಬಟ್ಟಲಿನಲ್ಲಿ ಗಂಜಿಯಾಗುತ್ತದೆ.

ಮೈಸೂರುಪಾಕನ್ನು ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ತಿಂಡಿಗೆ ಬೇಕಾದದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ, ಮತ್ತೆ ಹದ. ಎಳೆಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಕಾದ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುವಾಗ ಅದು ನೊರೆನೊರೆಯಾಗಿ ಉಬ್ಬಿ ಮೈತುಂಬ ಗೂಡು ಕಟ್ಟುತ್ತದೆ. ಆ ಗಳಿಗೆಯನ್ನು ಹಿಡಿಯುವುದೇ ವಿದ್ಯೆ. ಅದರ ನಾಲ್ಕು ಪುಡಿ ಉದುರಿಸಿದ ಕೇಕನ್ನು ಮೈಸೂರುಪಾಕು ಎಂದು ಕರೆಯುವುದು ಆ ವಿದ್ಯೆಗೆ ಅವಮಾನ. ಆದರೆ ಮೈದಾದಲ್ಲಿ ಮೂರನೇ ಒಂದು ಪಾಲು ತೆಗೆದು, ಅಷ್ಟೇ ಕಡಲೆಹಿಟ್ಟನ್ನು ಘಮ್ಮೆನ್ನುವಂತೆ ತುಪ್ಪದಲ್ಲಿ ಹುರಿದು ಸೇರಿಸಿದರೆ ಮಾತೇ ಬೇರೆ. ಆಗ ಪರಿಮಳ ಕೇಕಿನ ಒಳಗಿನಿಂದಲೇ ಬರುತ್ತದೆ. ಹೆಚ್ಚು ಹಾಕಿದರೆ ಪುಡಿಯಾಗಿ ಉದುರುತ್ತದೆ, ಜೋಕೆ.

ಒಬ್ಬಟ್ಟು ಮಾತ್ರ ಈ ಕೂಡಾವಳಿಗೆ ಒಗ್ಗದು. ಹೂರಣ ಕೇಕಿನೊಳಗೆ ಹಿಡಿದೀತು. ಕಾವಲಿಯ ಮೇಲೆ ಅಲ್ಲಲ್ಲಿ ಕಂದಿದ ಆ ತೆಳು ಕಣಕವನ್ನು ಎಲ್ಲಿಂದ ತರುವುದು?

ನಿಜವಾದ ನೆಂಟಸ್ತಿಕೆ ಬೇಕಿದ್ದವರು ಕರಾವಳಿಯ ಕೊಂಕಣಿ ಮನೆಗಳ ತವಸಳಿಯನ್ನು ನೋಡಬೇಕು. ತವಶೆ ಎಂದರೆ ಸೌತೆ. ತುರಿದ ಸೌತೆ, ರವೆ, ಬೆಲ್ಲ, ತೆಂಗಿನತುರಿ ಕಲಸಿ, ಹಬೆಯಲ್ಲೋ ಕೆಂಡದ ಕಾವಿನಲ್ಲೋ ಬೇಯಿಸುವ ತಿಂಡಿ. ಅದನ್ನು ಪುಟ್ಟ ಬಟ್ಟಲುಗಳಲ್ಲಿ ಓವನ್ನಿಗಿಟ್ಟರೆ ಕ್ರೀಮು ಬೇಡ, ಬಣ್ಣ ಬೇಡ. ಸೌತೆಯ ನೀರೇ ಮೆದು ಕೊಡುತ್ತದೆ. ಕಪ್‌ಕೇಕು ಮಾಡುವ ನಮ್ಮ ಹುಡುಗಿಯರು ಅತ್ತ ಯಾಕೆ ನೋಡುವುದಿಲ್ಲವೋ!

ಹಾಗೆಂದು ಇವರ ಶ್ರಮವನ್ನು ನಾನು ಹಗುರವಾಗಿ ಕಾಣುವವಳಲ್ಲ. ಪಾಕದ ಹದವನ್ನು ಪಕ್ಕದಲ್ಲಿ ನಿಂತು ಕಲಿಸಲು ಎಲ್ಲ ಮನೆಯಲ್ಲೂ ಅಜ್ಜಿಯರಿಲ್ಲ. ಬಟ್ಟಲು ಚಮಚದ ಲೆಕ್ಕಕ್ಕೆ ಬರುವ ಈ ತಿಂಡಿ ಎಷ್ಟೋ ಹೆಣ್ಣುಮಕ್ಕಳಿಗೆ ಕೈಯಲ್ಲಿ ನಾಲ್ಕು ಕಾಸು ಕೊಟ್ಟಿದೆ. ಮೊಮ್ಮಗುವಿನ ಹುಟ್ಟುಹಬ್ಬದ ದಿನ ಕೇಕು ಮುಟ್ಟದೆ ದೂರ ಕೂರುತ್ತಿದ್ದ ಹಿರಿಯರು ಒಂದು ತುಂಡು ಬಾಯಿಗಿಡುವಂತಾಗಿದೆ. ಇದು ಸಣ್ಣ ಮಾತಲ್ಲ. ಆದರೆ ಎಲ್ಲರನ್ನೂ ಒಂದೇ ಪಂಕ್ತಿಗೆ ಕರೆಯಲೆಂದು ಬಿಟ್ಟ ಮೊಟ್ಟೆ, ಮೊಟ್ಟೆ ತಿನ್ನುವವರನ್ನು ಕೀಳಾಗಿ ನೋಡುವ ನೆಪವಾಗಬಾರದು. ತರಗತಿಯಲ್ಲಿ ಅಕ್ಕಪಕ್ಕ ಕೂರುವ ಮಕ್ಕಳಲ್ಲಿ ಒಬ್ಬರ ಊಟ ಶುದ್ಧ, ಒಬ್ಬರದು ಅಲ್ಲ ಎಂಬ ಪಾಠವನ್ನು ಕೇಕಿನ ಡಬ್ಬಿ ಹೇಳಬಾರದು.

ನನ್ನ ಕೋರಿಕೆ ಇಷ್ಟೆ. ಹೆಸರಿಡುವಾಗ ಸ್ವಲ್ಪ ಸಂಕೋಚವಿರಲಿ. ಏಲಕ್ಕಿ ಕೇಕನ್ನು ಏಲಕ್ಕಿ ಕೇಕು ಎಂದೇ ಕರೆಯಿರಿ, ಅದರಲ್ಲಿ ಸಣ್ಣತನವೇನಿಲ್ಲ. ರಸಮಲಾಯಿ ಕಪ್‌ಕೇಕು ತಿನ್ನುವ ಮಗುವಿಗೆ ಅದಕ್ಕೂ ಮೊದಲು ಒಮ್ಮೆಯಾದರೂ ರಸಮಲಾಯಿ ತಿನ್ನಿಸಿ. ಇಲ್ಲದಿದ್ದರೆ ಮುಂದೊಂದು ದಿನ ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿ ಕೊಟ್ಟಾಗ ಅದು ಕೇಳೀತು: ‘ಇದಕ್ಕೆ ಕ್ರೀಮೇ ಹಾಕಿಲ್ವಲ್ಲ ಅಜ್ಜಿ?’