ತೂಕದ ಅಂಕಿಯೂ ಮಗುವಿನ ಕೊಬ್ಬೂ: ಮೈಸೂರಿನ ದಾಖಲೆಗಳನ್ನು ಕುರಿತು ಒಂದು ವಿಮರ್ಶೆ

ಬೆಳೆಯುವ ಮಕ್ಕಳ ಆರೋಗ್ಯವನ್ನು ತೂಕದಿಂದ ಅಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ಶಿವಮೊಗ್ಗ ಭದ್ರಾವತಿಗಳ ಅಂಗನವಾಡಿಗಳಲ್ಲಿ ಬರೆದಿಡುವ ಈ ಅಂಕಿಗಳು ಚರಿತ್ರೆಯ ಅಭ್ಯಾಸಿಗಳಾದ ನಮಗೆ ಶಾಸನ ಕಡತಗಳಂತೆಯೇ ಒಂದು ಆಕರ. ಆಕರವೆಂದ ಮೇಲೆ ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಚನೆ ಅವಶ್ಯಕ. ರೋಗನಿರ್ಣಯ ವೈದ್ಯರ ಕೆಲಸ. ಅದಕ್ಕೆ ಆಧಾರವಾದ ದಾಖಲೆಗಳ ಪರೀಕ್ಷೆಯಷ್ಟೇ ಇಲ್ಲಿ ನಮ್ಮ ಉದ್ದೇಶ.

ತೂಕವೆಂಬುದು ಮೂಳೆ, ಸ್ನಾಯು, ನೀರು, ಕೊಬ್ಬು ಇವುಗಳ ಒಟ್ಟು ಮೊತ್ತ. ಕೊಬ್ಬು ಬರಿಯ ಉಗ್ರಾಣವೆಂಬ ಹಳೆಯ ಭಾವನೆಗೆ 1994ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಆ ವರ್ಷ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ನರ ತಂಡವು ಕೊಬ್ಬಿನ ಜೀವಕೋಶಗಳಿಂದ ಹೊರಡುವ ಒಂದು ಹಾರ್ಮೋನಿನ ಮೂಲವನ್ನು ಗುರುತಿಸಿತು. ತೆಳ್ಳಗೆ ಎಂಬರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ದೇಹದಲ್ಲಿ ಕೊಬ್ಬು ಹೆಚ್ಚಿದಂತೆ ರಕ್ತದಲ್ಲಿ ಲೆಪ್ಟಿನ್ ಹೆಚ್ಚುತ್ತದೆ. ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಲೆಪ್ಟಿನ್ ಸಾಲದಿದ್ದರೆ ಮಗು ಪ್ರಾಯಕ್ಕೆ ಬರುವುದೂ ತಡೆಯಾಗುತ್ತದೆ. ಒಂದೇ ತೂಕದ ಇಬ್ಬರು ಮಕ್ಕಳಲ್ಲಿ ಕೊಬ್ಬಿನ ಪ್ರಮಾಣವೂ ಈ ಹಾರ್ಮೋನುಗಳ ಪ್ರಮಾಣವೂ ಬೇರೆಯಾಗಿರಬಹುದು. ತಕ್ಕಡಿಗೆ ಈ ಭೇದ ಕಾಣದು.

ಈ ವಿಷಯದಲ್ಲಿ ಕನ್ನಡ ನಾಡಿನ ಮುಖ್ಯ ಆಧಾರ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯದು. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಹುಟ್ಟಿದ ಸುಮಾರು 500 ಮಂದಿಯನ್ನು 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಲಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂಬ ಇಂಗ್ಲೆಂಡಿನ ತೀರ್ಮಾನಕ್ಕೆ ಇಲ್ಲಿಯೂ ಬೆಂಬಲ ದೊರೆಯಿತು. ಆದರೆ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಅಲ್ಲಿಯ ತೀರ್ಮಾನ ಇಲ್ಲಿ ನಿಲ್ಲಲಿಲ್ಲ: ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿಯೇ ಅದು ಹೆಚ್ಚಾಗಿ ಕಂಡುಬಂದಿತು. ಮುಂದೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನವು ಇನ್ನೊಂದು ಸಂಗತಿಯನ್ನು ತೋರಿಸಿತು. ಮೈಸೂರಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆ. ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಸರಿಸಮ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕರು ಇಂಥ ಶಿಶುಗಳನ್ನೇ ಸಣಕಲಾಗಿದ್ದೂ ಕೊಬ್ಬುಳ್ಳವೆಂದು ವರ್ಣಿಸಿದ್ದಾರೆ.

ಈ ಸಂಶೋಧನೆಯ ಹಿರಿಮೆ ನಿರ್ವಿವಾದ. ಹೊರನಾಡಿನ ಅಳತೆಗೋಲನ್ನು ಅದು ನಮ್ಮ ನೆಲದಲ್ಲಿಟ್ಟು ಪರೀಕ್ಷಿಸಿತು. ಆದರೆ ಅದರ ಮಿತಿಯನ್ನೂ ಗುರುತಿಸಬೇಕು. 1934ರಲ್ಲಿ ಹೆರಿಗೆಗೆ ಆಸ್ಪತ್ರೆಗೆ ಬಂದವರು ಜನಸಮುದಾಯದ ಒಂದು ಭಾಗ ಮಾತ್ರ. ಅವರ ಮಕ್ಕಳಲ್ಲಿ ಬದುಕಿ ಉಳಿದು, ಹುಡುಕಿದಾಗ ಸಿಕ್ಕವರು ಇನ್ನೂ ಸಣ್ಣ ಭಾಗ. ಇಂಗ್ಲೆಂಡಿನ ತೀರ್ಮಾನವನ್ನು ಮೈಸೂರು ಪ್ರಶ್ನಿಸಿದಂತೆ ಮೈಸೂರಿನ ತೀರ್ಮಾನವನ್ನು ನಮ್ಮ ಜಿಲ್ಲೆಯೂ ಪ್ರಶ್ನಿಸಬೇಕು. ಭದ್ರಾವತಿ 1923ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಊರು. ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಯಿತು. ಕೂಲಿ ಏರಿಳಿದಂತೆ ಮನೆಯ ಅಡುಗೆಯೂ ಬದಲಾಗುತ್ತದೆ. ಮಗುವಿನ ಅಳತೆಯನ್ನು ಅದರೊಡನೆ ಕೂಡಿಸಿ ಓದಬೇಕು. ಅಡಿಕೆ ಅಕ್ಕಿಗಳ ವ್ಯಾಪಾರದಿಂದ ಬದುಕುವ ಶಿವಮೊಗ್ಗೆಯ ಮಗುವಿಗೂ ಈ ಮಾತು ಸಲ್ಲುತ್ತದೆ.

ಇದರಿಂದ, ತೂಕ ಕಡಿಮೆಯಿರುವ ಮಗುವಿಗೆ ಅನ್ನ ಕಡಿಮೆ ಮಾಡಬೇಕೆಂದು ತಿಳಿಯುವುದು ಅಪಾಯಕರ. ಅನ್ನದೊಡನೆ ಬೇಳೆ, ಹಾಲು, ಮೊಟ್ಟೆ, ಸೊಪ್ಪು ಸೇರಿ ಎಲುಬು ಸ್ನಾಯುಗಳು ಬೆಳೆಯಬೇಕೆಂಬುದೇ ಇದರ ತಾತ್ಪರ್ಯ. ತೂಕ ಸರಿಯಿದೆಯೆಂದು ಬಿಟ್ಟ ಮಗುವನ್ನೂ ಇನ್ನೊಮ್ಮೆ ನೋಡಬೇಕು. ಹಾರ್ಮೋನಿನ ಪರೀಕ್ಷೆ ಎಲ್ಲ ಕಡೆ ಸಾಧ್ಯವಾಗದಿರಬಹುದು. ಎತ್ತರವನ್ನೂ ಚರ್ಮದ ಮಡಿಕೆಯ ದಪ್ಪವನ್ನೂ ಅಳೆಯುವುದು ಕಷ್ಟವಲ್ಲ.

ಮೈಸೂರಿನ ಕೆಲಸ ಸಾಧ್ಯವಾದುದು ಯಾರೋ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕದೆ ಉಳಿಸಿದ್ದರಿಂದ. ನಮ್ಮ ಎರಡು ಊರುಗಳ ಆಸ್ಪತ್ರೆ, ಶಾಲೆ, ಕಾರ್ಖಾನೆಗಳ ದಾಖಲೆ ಪುಸ್ತಕಗಳನ್ನು ಕಾಪಾಡುವ ಹೊಣೆ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದುದೆಂದು ನಾವು ಭಾವಿಸುತ್ತೇವೆ.