ಹುಣಸೆ ಸಾಲಿನಿಂದ ದ್ರಾಕ್ಷಿ ಸಾಲಿಗೆ

ಹೋದ ವಾರ ಕೊಟ್ಟ ಮಾತಿನಂತೆ ಈ ವಾರ ನಂದಿ ತಪ್ಪಲಿನ ದ್ರಾಕ್ಷಿ ತೋಟಗಳಲ್ಲಿ ಒಂದು ದಿನ ನಡೆದು ವೈನ್ ರುಚಿ ನೋಡುವ ಬಗೆ ಹೇಳಬೇಕು. ಫೆಬ್ರವರಿ, ಮಾರ್ಚ್ ಬಂತೆಂದರೆ ಕೊಯ್ಲಿನ ಕಾಲ. ಓದುಗರ ಪತ್ರಗಳಲ್ಲೂ ಅದೇ ಪ್ರಶ್ನೆ: ಯಾವ ತೋಟಕ್ಕೆ ಹೋಗಲಿ, ಎಷ್ಟು ಹೊತ್ತಿಗೆ ಹೋಗಲಿ, ಅಲ್ಲಿ ಏನು ನೋಡಲಿ? ಉತ್ತರ ಕೊಡುತ್ತೇನೆ. ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಹಟವೂ ಗೊತ್ತು. ದ್ರಾಕ್ಷಿ ಸಾಲಿನಲ್ಲಿ ಕಾಲಿಟ್ಟು ನಡೆಯದವರ ಕೈಗೆ ಗ್ಲಾಸು ಕೊಡಬಾರದು ಎಂಬುದು ಆ ಹಟ. ಅದನ್ನು ಈ ವಾರವೂ ಬಿಡುವುದಿಲ್ಲ.

ಮೊದಲ ಸಲ ಹೋಗುವವರಿಗೆ ದೊಡ್ಡಬಳ್ಳಾಪುರದ ಕಡೆಯ ಗ್ರೋವರ್ ತೋಟವೇ ಸರಿ. ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಸಂಸ್ಥೆ ಅದು. ಈಗಿನ ಹೆಸರು ಗ್ರೋವರ್ ಜಂಪಾ. ಬೆಂಗಳೂರು ಬ್ಲೂ ಬಿಟ್ಟರೆ ಬೇರೆ ದ್ರಾಕ್ಷಿಯ ಮಾತೇ ಅಪರೂಪವಾಗಿದ್ದ ಸೀಮೆಯಲ್ಲಿ ಕ್ಯಾಬರ್ನೆ ಸೋವಿನ್ಯೋ, ಶಿರಾಜ್ ತಳಿಗಳನ್ನು ನಿಲ್ಲಿಸಿ ತೋರಿಸಿದ ಹೆಚ್ಚುಗಾರಿಕೆ ಅವರದು. ಅಲ್ಲಿ ತೋಟ, ತೊಟ್ಟಿ, ಪೀಪಾಯಿಗಳನ್ನು ಸುತ್ತಿಸಿ ಕೊನೆಗೆ ರುಚಿ ತೋರಿಸುವ ಏರ್ಪಾಡಿದೆ. ಬೆಳಿಗ್ಗೆ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಬಿಸಿಲೇರುವ ಮೊದಲು ಕೊಯ್ದ ಹಣ್ಣಿನ ರಸ ತಾಜಾ ಇರುತ್ತದೆ. ಹೊತ್ತು ಏರಿದ ಮೇಲೆ ಹೋದವರಿಗೆ ಕೊಯ್ಲು ಮುಗಿದ ಸಾಲುಗಳಷ್ಟೇ ಕಾಣುತ್ತವೆ.

ಮಾರ್ಗದರ್ಶಿ ನಿಮ್ಮನ್ನು ಉಕ್ಕಿನ ತೊಟ್ಟಿಗಳ ಕಡೆ ಕರೆದೊಯ್ಯುವ ಮುಂಚೆ, ಒಂದೇ ಒಂದು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನಡೆಯಲು ಬಿಡಿ ಎಂದು ಕೇಳಿಕೊಳ್ಳಿ. ಮೊದಲು ಬುಡ ನೋಡಿ. ನಮ್ಮ ನಾಡಿನ ಹೆಚ್ಚಿನ ತೋಟಗಳಲ್ಲಿ ಬುಡದ ಹತ್ತಿರ ಒಂದು ಗಂಟು ಸಿಗುತ್ತದೆ. ಅದರ ಕೆಳಗಿನದು ಬರವನ್ನೂ ಸವುಳನ್ನೂ ತಡೆಯುವ ಡಾಗ್‌ರಿಜ್‌ನಂಥ ಬೇರುಗಿಡ. ಮೇಲಿನದು ಹಣ್ಣು ಕೊಡುವ ತಳಿ. ಆಮೇಲೆ ಕಡ್ಡಿ ನೋಡಿ. ವಿಜಯಪುರ ಕಡೆಯ ಬೆಳೆಗಾರರು ಚಾಟ್ನಿ ಅನ್ನುವ ಸವರುವಿಕೆ ನಮ್ಮಲ್ಲಿ ವರ್ಷಕ್ಕೆ ಎರಡು ಸಲ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣು ಹಿಡಿಯಲಿಕ್ಕೆ. ಫ್ರಾನ್ಸಿನಲ್ಲಿ ಚಳಿ ಬಿದ್ದು ಬಳ್ಳಿ ತಾನಾಗಿ ನಿದ್ದೆಗೆ ಹೋಗುತ್ತದೆ. ನಮ್ಮ ಬಳ್ಳಿಗೆ ಆ ವಿರಾಮವಿಲ್ಲ. ಕತ್ತರಿ ಹಿಡಿದ ಕೈಯೇ ಅದರ ವರ್ಷವನ್ನು ಭಾಗ ಮಾಡಬೇಕು. ಮಳೆಗಾಲ ದಾಟಿ, ಒಣ ಹವೆಯಲ್ಲಿ, ರಾತ್ರಿ ತಂಪಾಗಿರುವ ತಿಂಗಳುಗಳಲ್ಲಿ ಹಣ್ಣು ಬಲಿಯುವುದು ಈ ಎರಡನೆಯ ಕತ್ತರಿಯಿಂದ. ಕಡ್ಡಿಯ ಮೇಲೆ ಹಳೆಯ ಗಾಯ, ಹೊಸ ಗಾಯ ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದವರು ಮುಂದೆಂದೂ ಭಾರತದ ವೈನನ್ನು ಫ್ರಾನ್ಸಿನದರ ನಕಲು ಎಂದು ಕರೆಯಲಾರರು.

ಕೊನೆಗೆ ಹಣ್ಣು. ಕೇಳಿಕೊಂಡು ಒಂದು ಕಾಳು ಕ್ಯಾಬರ್ನೆ ಬಿಡಿಸಿಕೊಳ್ಳಿ. ತಿನ್ನುವ ದ್ರಾಕ್ಷಿಯ ಮುಂದೆ ಅದು ಬಹಳ ಸಣ್ಣದು. ತಿನ್ನುವ ತಳಿಗಳಿಗೆ ಜಿಬ್ಬರಲಿಕ್ ಆಮ್ಲದ ದ್ರಾವಣದಲ್ಲಿ ಗೊಂಚಲು ಅದ್ದಿ ಕಾಳು ಹಿಗ್ಗಿಸುತ್ತಾರೆ. ವೈನ್ ಮಾಡುವವರಿಗೆ ಕಾಳು ಸಣ್ಣದಾದಷ್ಟೂ ಒಳ್ಳೆಯದು, ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು ಸಿಗುತ್ತದೆ. ಹಿಚುಕಿ ನೋಡಿ: ರಸಕ್ಕೆ ಬಣ್ಣವಿಲ್ಲ. ಸಿಪ್ಪೆಯನ್ನು ಹೆಬ್ಬೆರಳಿನಿಂದ ಉಜ್ಜಿದರೆ ಉಗುರಿನ ಸಂದಿಗೆ ನೇರಳೆ ಕಲೆ ಹತ್ತುತ್ತದೆ. ಕೆಂಪು ವೈನಿನ ಬಣ್ಣವೆಲ್ಲ ಅಲ್ಲಿದೆ. ಇನ್ನು ಬೀಜ. ಹಸಿರಾಗಿದ್ದರೆ ಹಲ್ಲಿಗೆ ಹಸಿ ಒಗರು. ಕಂದು ಬಣ್ಣಕ್ಕೆ ತಿರುಗಿ ಕಟುಮ್ ಎಂದು ಮುರಿದರೆ ಕೊಯ್ಲು ಹತ್ತಿರ. ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರು ತೋಟದವರ ಜೇಬಿನಲ್ಲಿ ಇದ್ದೇ ಇರುತ್ತದೆ. ಆದರೂ ಬೀಜ ಕಡಿಯದೆ ಕೊಯ್ಲಿನ ದಿನ ಗೊತ್ತು ಮಾಡುವವರನ್ನು ನಾನು ನಂಬುವುದಿಲ್ಲ.

ಇಷ್ಟು ನೋಡಲು ಒಂದು ಗಂಟೆ ಸಾಕು. ಆ ಒಂದು ಗಂಟೆಯನ್ನೂ ಕೊಡದೆ ಬೆಂಗಳೂರಿನ ಹವಾನಿಯಂತ್ರಿತ ಹಾಲುಗಳಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪಂಥದವರೊಡನೆ ನನ್ನ ಜಗಳ ಹಳೆಯದು. ಊರು, ಮಣ್ಣು, ಮಳೆ ಯಾವುದರ ಅರಿವೂ ಇಲ್ಲದೆ ರುಚಿ ನೋಡಿದರೆ ಮಾತ್ರ ತೀರ್ಪು ನಿಷ್ಪಕ್ಷಪಾತ ಎಂಬುದು ಅವರ ವಾದ. ಪರೀಕ್ಷೆಯ ಕೋಣೆಗೆ ಆ ಕ್ರಮ ಸರಿಯೇ. ಕಲಿಯುವವರಿಗೆ ಅದು ಕೇಡು. ಬೆಳೆಯ ಪರಿಚಯವೇ ಇಲ್ಲದವರು ಗ್ಲಾಸಿನಲ್ಲಿ ಹುಡುಕುವುದಾದರೂ ಏನನ್ನು? ಇನ್ನು ಹಬ್ಬಗಳಲ್ಲಿ ತೊಟ್ಟಿಗೆ ಇಳಿದು ದ್ರಾಕ್ಷಿ ತುಳಿದು ಫೋಟೊ ತೆಗೆಸಿಕೊಳ್ಳುವ ಗೀಳು. ರೈತರ ಒಂದು ವರ್ಷದ ದುಡಿಮೆ ಆಟದ ಕೆಸರಾಗುವುದನ್ನು ನೋಡಲು ನನ್ನಿಂದಾಗದು. ಆ ಜನವನ್ನು ಅಷ್ಟೇ ಹೊತ್ತು ಸಾಲುಗಳ ನಡುವೆ ನಡೆಸಿ. ಕಾಲಿಗೆ ತಕ್ಕ ಕೆಲಸ ಅಲ್ಲಿದೆ.

ನನ್ನ ಪಕ್ಷಕ್ಕೆ ಸಾಕ್ಷಿಯಾಗಿ ನಮ್ಮ ನೆಲದ ಅರಸನನ್ನೇ ಕರೆಯುತ್ತೇನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಸಂಸ್ಕೃತದ ಗ್ರಂಥ, ಐದು ವಿಂಶತಿ, ಒಂದೊಂದಕ್ಕೆ ಇಪ್ಪತ್ತು ಅಧ್ಯಾಯ. ಅಡುಗೆಯ ಭಾಗವನ್ನು ಎಲ್ಲರೂ ಹೊಗಳುತ್ತಾರೆ. ನೀರಿನ ಭಾಗದ ಬಗ್ಗೆ ಮಾತಾಡುವವರು ಕಡಿಮೆ. ಮಳೆಯ ನೀರು, ಹೊಳೆಯ ನೀರು, ಬಾವಿಯ ನೀರು ಎಂದು ಮೂಲ ಹಿಡಿದು ವಿಂಗಡಿಸಿ, ಯಾವ ಋತುವಿಗೆ ಯಾವುದು ಸರಿ, ಹೂವಿನಿಂದ ಹೇಗೆ ಕಂಪು ಕೂಡಿಸಬೇಕು ಎಂದು ಹೇಳುವ ಅರಸ ಅವನು. ಬರಿ ನೀರಿನಲ್ಲಿ ನೆಲದ ಗುಣ ಹುಡುಕಿದವನ ನಾಲಿಗೆ ಎಂಥದ್ದಿರಬೇಕು! ಕೊನೆಯದಾದ ಕ್ರೀಡಾವಿಂಶತಿಯನ್ನು ಓದುವಾಗ ಅಧ್ಯಾಯಗಳ ಸರದಿಯನ್ನು ಗಮನಿಸಿ. ಮೊದಲು ಭೂಧರ ಕ್ರೀಡೆ, ಅಂದರೆ ಗುಡ್ಡದ ವಿಹಾರ. ಆಮೇಲೆ ವನ, ಉಯ್ಯಾಲೆ, ನೀರಾಟ, ಹುಲ್ಲುಗಾವಲು, ಮರಳು, ಬೆಳದಿಂಗಳು, ಪೈರಿನ ಹೊಲ. ಇಷ್ಟೆಲ್ಲ ಆದ ಮೇಲೆ ಮದಿರಾಪಾನ ಕ್ರೀಡೆ. ಗುಡ್ಡ ಹತ್ತಿ, ಹೊಲ ಸುತ್ತಿ ಬಂದವನಿಗೆ ಪಾನ ಎಂಬ ಕ್ರಮವನ್ನು ನಾನು ಆ ಸರದಿಯಲ್ಲಿ ಓದುತ್ತೇನೆ. ಪೈರಿನ ಪಕ್ಕದಲ್ಲೇ ಪಾತ್ರೆ ಇಟ್ಟ ಈ ಅರಸನಿಗಿಂತ ಒಳ್ಳೆಯ ಗುರು ನಡಿಗೆಯ ಪಂಥಕ್ಕೆ ಬೇಕಿಲ್ಲ.

ಸೋಮೇಶ್ವರನ ಹೆಸರು ಬಂದ ಮೇಲೆ ನಂದಿ ತಪ್ಪಲು ಬಿಟ್ಟು ನಮ್ಮ ಸೀಮೆಗೇ ಬರಬೇಕಾಯಿತು. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳನ್ನು ಕಂಡವರಿಗೆ ಈ ನೆಲಕ್ಕೂ ಕಲ್ಯಾಣದ ಅರಸರಿಗೂ ಇದ್ದ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳು ದ್ರಾಕ್ಷಿಗೆ ಹೆಸರಾದವಲ್ಲ. ಆದರೆ ವೈನಿನ ಅರ್ಧ ಪಾಠ ಇಲ್ಲಿನ ರಸ್ತೆ ಬದಿಯಲ್ಲೇ ಇದೆ, ಮತ್ತು ಈ ವಾರ ನನಗೆ ಹೇಳಲೇಬೇಕು ಅನ್ನಿಸುವುದು ಅದನ್ನೇ.

ಕೂಡ್ಲಿಗಿ ಸೀಮೆಯ ಹುಣಸೆ ಮರಗಳನ್ನು ನೆನೆಯಿರಿ. ಕೊಯ್ಲು ಈಗಲೇ. ಗಳದಿಂದ ಬಡಿದು ಉದುರಿಸಿದ ಕಾಯಿಯ ರಾಶಿ, ಮುಂದೆ ಕೂತು ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬೇರೆ ಮಾಡುವ ಹೆಣ್ಣುಮಕ್ಕಳು. ಆ ರಾಶಿಯಿಂದ ಒಂದು ತುಣುಕು ಬಾಯಿಗೆ ಹಾಕಿಕೊಂಡರೆ ಕೆನ್ನೆಯ ಒಳಗೆ ನೀರು ಚಿಮ್ಮುತ್ತದೆ. ಆ ಹುಳಿಯ ಹೆಸರು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯ ಮುಖ್ಯ ಹುಳಿಯೂ ಅದೇ. ಹಣ್ಣುಗಳ ಲೋಕದಲ್ಲಿ ಈ ಆಮ್ಲ ಇಷ್ಟು ಧಾರಾಳವಾಗಿ ಇರುವುದು ಅಪರೂಪ. ನಿಂಬೆಯ ಹುಳಿ ಸಿಟ್ರಿಕ್, ಸೇಬಿನದು ಮ್ಯಾಲಿಕ್. ನಮ್ಮ ಸಾರಿನ ಹುಳಿ ಮತ್ತು ಬೋರ್ಡೋದ ಹುಳಿ ಒಂದೇ ಮನೆತನದವು.

ಇದರಲ್ಲಿ ಬಿಸಿಲು ನಾಡಿನ ವೈನಿನ ಗುಟ್ಟೂ ಇದೆ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಜೊತೆಗೆ ಮ್ಯಾಲಿಕ್ ಆಮ್ಲವೂ ಇರುತ್ತದೆ. ಹಣ್ಣು ಬಲಿಯುವಾಗ ಬಳ್ಳಿ ಉಸಿರಾಡುವುದಕ್ಕೆ ಮ್ಯಾಲಿಕ್ಕನ್ನು ಉರಿಸಿಕೊಳ್ಳುತ್ತದೆ. ಸೆಖೆ ಹೆಚ್ಚಿದಷ್ಟೂ ಅದು ಬೇಗ ಕರಗುತ್ತದೆ. ಟಾರ್ಟಾರಿಕ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ನಮ್ಮಂಥ ಕಡೆಯ ವೈನಿನ ಬೆನ್ನೆಲುಬು ಅದೇ. ಸಾಲದೆ ಹೋದಾಗ ಬಿಸಿ ನಾಡುಗಳ ವೈನ್ ತಯಾರಕರು ಹೊರಗಿನಿಂದ ಸೇರಿಸುವುದೂ ಇದನ್ನೇ. ಬಾಟಲಿಯ ತಳದಲ್ಲೋ ಬಿರಡೆಗೆ ಅಂಟಿಕೊಂಡೋ ಕಲ್ಲುಸಕ್ಕರೆಯಂಥ ಹರಳು ಕಂಡರೆ ಗಾಜಿನ ಚೂರೆಂದು ಗಾಬರಿಯಾಗಬೇಡಿ. ಟಾರ್ಟಾರಿಕ್ ಆಮ್ಲ ಪೊಟ್ಯಾಶಿಯಮ್ ಜೊತೆ ಸೇರಿ ತಂಪಿಗೆ ಹರಳುಗಟ್ಟಿದ್ದು, ಅಪಾಯವೇನಿಲ್ಲ. ಹುಣಸೆಯ ಹುಳಿ ನಾಲಿಗೆಯ ಯಾವ ಬದಿಗೆ ತಾಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬೆಲ್ಲ ಬಿದ್ದರೆ ಹೇಗೆ ಮೆತ್ತಗಾಗುತ್ತದೆ ಎಂದು ಬಲ್ಲ ನಮ್ಮ ಮನೆಗಳ ಹಿರಿಯರಿಗೆ ವೈನಿನ ಹುಳಿಯ ಪಾಠ ಹೇಳಲು ಯಾರೂ ಬರಬೇಕಾಗಿಲ್ಲ.

ಒಗರಿನ ಪಾಠಕ್ಕೆ ಒಂದು ಹೋಳು ಅಡಿಕೆ ಸಾಕು. ಸುಣ್ಣ, ಎಲೆ ಎರಡೂ ಬೇಡ. ಒಸಡು ಬಿಗಿದು, ನಾಲಿಗೆ ಒಣಗಿದ ಹಾಗಾಗುತ್ತದಲ್ಲ, ಅದು ಟ್ಯಾನಿನ್. ಕ್ಯಾಬರ್ನೆಯ ಸಿಪ್ಪೆ, ಬೀಜದಿಂದ ಬರುವ ಬಿಗಿಯೂ ಅದೇ ಜಾತಿಯದು. ಕಂಪಿನ ಪಾಠಕ್ಕೆ ಹೂವಿನ ಹಡಗಲಿ. ನಸುಕಿನಲ್ಲಿ ಮೊಗ್ಗು ಬಿಡಿಸುವ ಹೊತ್ತಿಗೆ ಮಲ್ಲಿಗೆ ತೋಟದ ಬದುವಿನ ಮೇಲೆ ನಡೆಯಿರಿ, ಮತ್ತೆ ಸಂಜೆ ಅರಳುವಾಗ ಅದೇ ಹೂವನ್ನು ಮೂಸಿ. ಮಲ್ಲಿಗೆಯಲ್ಲೂ ಮಸ್ಕತ್ ಜಾತಿಯ ದ್ರಾಕ್ಷಿಯಲ್ಲೂ ಲಿನಲೂಲ್ ಎಂಬ ಒಂದೇ ಗಂಧದ್ರವ್ಯವಿದೆ. ಹಡಗಲಿಯ ಹೂವು ಬಲ್ಲ ಮೂಗು ಅದನ್ನು ಗ್ಲಾಸಿನಲ್ಲಿ ತಟ್ಟನೆ ಹಿಡಿಯುತ್ತದೆ.

ಈ ನಡಿಗೆಯ ಕೊನೆ ಉಜ್ಜಿನಿ. ಇಲ್ಲಿಗೆ ವೈನ್ ತರುವ ಮಾತೇ ಇಲ್ಲ. ಇದು ಪಂಚಪೀಠಗಳಲ್ಲಿ ಒಂದು, ಮರುಳಸಿದ್ಧೇಶ್ವರನ ಸನ್ನಿಧಿ. ನಾನು ಹೇಳುತ್ತಿರುವ ನಡಿಗೆ ಹನಿ ಮದ್ಯವಿಲ್ಲದ ಪಾಠ. ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂಬ ಮಾತು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಗುಡಿಯ ಒಳಗೆ ಕತ್ತೆತ್ತಿ ಛಾವಣಿಯ ಕೆತ್ತನೆ ನೋಡಿ. ಮೊದಲು ಇಡಿಯಾಗಿ ಕಾಣುವುದು, ನಿಂತಷ್ಟೂ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಕಡೆ ಅಷ್ಟು ಹೊತ್ತು ಮನಸ್ಸು ನಿಲ್ಲಿಸಲು ಬಂದವರಿಗೆ ರುಚಿ ನೋಡುವ ತಾಳ್ಮೆಯೂ ಬಂದಂತೆ.

ದ್ರಾಕ್ಷಿ ನಮ್ಮ ಸೀಮೆಗೆ ಹೊರಗಿನದು ಅನ್ನುವವರಿಗೆ ಇನ್ನೊಂದು ಮಾತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಕಂಡಿದ್ದ. ಒಂದು ಹಣಕ್ಕೆ ಮೂರು ಗೊಂಚಲು, ದಾಳಿಂಬೆಯಾದರೆ ಹತ್ತು ಎಂದು ದರವನ್ನೂ ಬರೆದಿಟ್ಟ. ಇಂದು ಹೊಳೆಯ ಆಚೆ, ಕೊಪ್ಪಳ ಜಿಲ್ಲೆಯಲ್ಲಿ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕೃಷ್ಮಾ ಎಸ್ಟೇಟ್ ಹಂಪಿ ಹಿಲ್ಸ್ ಎಂಬ ಹೆಸರಿನಲ್ಲೇ ಕ್ಯಾಬರ್ನೆ, ಸ್ಯಾಂಜೊವೇಸೆ ವೈನುಗಳನ್ನು ಮಾಡುತ್ತಿದೆ. ಕಲ್ಲು ಗುಡ್ಡದ ಒಣ ಸೀಮೆಯಲ್ಲಿ ಒಳ್ಳೆಯ ವೈನ್ ಆಗದು ಎಂದು ತಲೆ ಅಲ್ಲಾಡಿಸುತ್ತಿದ್ದವರಿಗೆ ಆ ಬಾಟಲಿಯೇ ಉತ್ತರ. ನಮ್ಮ ಮಸಾರಿ ಹೊಲಗಳು ಅಲ್ಲಿಂದ ಬಹಳ ದೂರವಿಲ್ಲ.

ರಾಜ್ಯ 2007ರಲ್ಲಿ ವೈನ್ ನೀತಿ ತಂದು ಮಂಡಳಿ ಮಾಡಿತು. ಹಬ್ಬಗಳು ನಡೆದವು, ಮಳಿಗೆಗಳು ಬಂದವು. ಇನ್ನು ಬೇಕಾದದ್ದು ಕಲಿತ ನಾಲಿಗೆ. ಪ್ರವಾಸ ಏರ್ಪಡಿಸುವವರಲ್ಲಿ ನನ್ನ ಒತ್ತಾಯ ಇಷ್ಟು: ಮೊದಲ ದಿನ ಜನರನ್ನು ಹುಣಸೆ ಸಾಲಿನಲ್ಲೂ ಮಲ್ಲಿಗೆ ಬದುವಿನಲ್ಲೂ ನಡೆಸಿ, ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ. ಮರುದಿನ ದ್ರಾಕ್ಷಿ ತೋಟಕ್ಕೆ ಕರೆದೊಯ್ದು ಒಂದು ಸಾಲು ಪೂರ್ತಿ ನಡೆಸಿ, ಬೀಜ ಕಡಿಸಿ, ಆಮೇಲೆ ಗ್ಲಾಸು ಕೊಡಿ. ಪಕ್ಕದಲ್ಲಿ ಉಗುಳುವ ಪಾತ್ರೆ ಇರಲಿ, ಗಾಡಿ ಓಡಿಸುವವರು ನುಂಗದಿರಲಿ. ಹೀಗೆ ಕಲಿತು ಬಂದವರು ಬಾಟಲಿಯ ಬೆಲೆ ಕೇಳುವ ಮುಂಚೆ ಬೆಳೆದವರು ಯಾರು, ಹೊಲ ಯಾವುದು ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳುವ ಗಿರಾಕಿ ಹೆಚ್ಚಿದ ದಿನ ಬೆಳೆಗಾರರಿಗೂ ತಕ್ಕ ದರ ಸಿಗುತ್ತದೆ.