ಗಿರಣಿಯೊಳಗೆ ಮೊದಲು ಹಾಡಿದವರು

ಪುಣೆ ರೈಲ್ವೆ ಸ್ಟೇಷನ್ ಹತ್ತಿರ ರಾಜಾ ಬಹಾದ್ದೂರ್ ಮಿಲ್ ರಸ್ತೆ ಅಂತ ಒಂದಿದೆ. 1893ರಲ್ಲಿ ಶುರುವಾದ ಬಟ್ಟೆ ಗಿರಣಿಯಿಂದ ಬಂದ ಹೆಸರು. ಮಗ್ಗ ನಿಂತು ಎಷ್ಟೋ ಕಾಲವಾಯಿತು. ಈಗ ಆ ಜಾಗದ ಹೆಸರು 'ದಿ ಮಿಲ್ಸ್'. ಹಳೆಯ ಕಲ್ಲಿನ ಗೋಡೆಗಳ ನಡುವೆ ಹೋಟೆಲು, ಬಾರು, ಸಂಗೀತ, ಮೇಳ.

ಕೆಡವಲಿಲ್ಲವಲ್ಲ, ಅದಕ್ಕೆ ಶಹಬ್ಬಾಸ್ ಅನ್ನಲೇಬೇಕು. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ ನೋಡಿ. 1884ರದ್ದು. ಮುಚ್ಚಿದ ಮೇಲೆ ಸಿನಿಮಾದವರು ಅಲ್ಲಿ ಫೈಟಿಂಗ್ ಶೂಟ್ ಮಾಡಿದರು, ಆಮೇಲೆ ಅಪಾರ್ಟ್‌ಮೆಂಟ್ ಎದ್ದಿತು.

ಆದರೆ ಇಂಥ ಜಾಗಗಳ ಬಗ್ಗೆ ಬರೆಯುವವರು ಒಂದು ಮಾತನ್ನು ಸಲೀಸಾಗಿ ಹೇಳಿಬಿಡುತ್ತಾರೆ: ಪಾಳು ಗಿರಣಿಗೆ ಕಲೆ ಜೀವ ತುಂಬಿತು ಅಂತ. ನನ್ನ ತಕರಾರು ಇಲ್ಲೇ. ಗಿರಣಿಗಳು ನಡೆಯುತ್ತಿದ್ದಾಗ ಅಲ್ಲಿ ಕಲೆ ಇರಲಿಲ್ಲವೇ?

ಅಮರ್ ಶೇಖ್ ಹೆಸರು ನೀವು ಕೇಳಿರಬಹುದು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು, ಕನ್ನಡದ ಗಡಿಗೆ ದೂರದವರೇನಲ್ಲ. 1916ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮೆಹಬೂಬ್ ಹುಸೇನ್ ಪಟೇಲ್. ಗಿರಣಿಯಲ್ಲಿ ದುಡಿದರು, ಮುಷ್ಕರಕ್ಕೂ ಇಳಿದರು. ಅಣ್ಣಾಭಾವು ಸಾಠೆ, ಗವಾಣಕರ್ ಜೊತೆ ಸೇರಿ 1944ರಲ್ಲಿ 'ಲಾಲ್ ಬಾವಟಾ ಕಲಾಪಥಕ' ಕಟ್ಟಿದರು. ಕೆಂಪು ಬಾವುಟದ ಕಲಾತಂಡ ಅದು. ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ದನಿಯಾದವರೂ ಇವರೇ. (ಬೆಳಗಾವಿ ವಿಷಯದಲ್ಲಿ ಆ ಚಳವಳಿ ಜೊತೆ ನಮಗೆ ಜಗಳವಿದೆ, ಅದು ಬೇರೆ ಮಾತು.)

ನಾನು ಉರ್ದು ತರಗತಿಯಲ್ಲಿ ಕಲಿಸುವ 'ಶಾಯರ್' ಪದವೇ ಮರಾಠಿಗೆ ಹೋಗಿ 'ಶಾಹೀರ್' ಆಗಿದೆ. ನಮ್ಮ ಶಾಯರ್ ಮುಶಾಯರಾದಲ್ಲಿ ಶೇರ್ ಓದಿ 'ವಾಹ್ ವಾಹ್' ಕೇಳಿಸಿಕೊಳ್ಳುತ್ತಾನೆ. ಅವರ ಶಾಹೀರ್ ಡಫ್ ಹಿಡಿದು ನಿಂತು ಹಾಡುತ್ತಾನೆ. ಗಿರಣಿಯ ಗೇಟು, ಚಾಳಿನ ಅಂಗಳ, ಇವೇ ಅವನ ವೇದಿಕೆ. ಟಿಕೆಟ್ ಇಲ್ಲ. ಪಾಳಿ ಮುಗಿಸಿ ಬಂದವರು ಬೆವರು ಒರೆಸಿಕೊಳ್ಳುತ್ತಾ ನಿಂತು ಕೇಳುತ್ತಿದ್ದರು.

ಹೊಸ ಕಲಾತಾಣಗಳು ಗೋಡೆಯನ್ನು ಉಳಿಸಿಕೊಂಡವು, ಈ ಕೇಳುಗನನ್ನು ಹೊರಗೆ ಬಿಟ್ಟವು. ಬಾರು ಇದೆ ಅಂತ ನಮ್ಮ ಎಷ್ಟೋ ಮನೆಯವರು ಅತ್ತ ತಲೆ ಹಾಕುವುದಿಲ್ಲ, ನಿಜ. ಆದರೆ ಗಿರಣಿಯಲ್ಲಿ ದುಡಿದವನ ಮೊಮ್ಮಗನನ್ನು ತಡೆಯುವುದು ಬಾರಲ್ಲ, ಬಿಲ್ಲು. ಅಜ್ಜ ಹಾಜರಿ ಹಾಕಿ ಒಳಗೆ ಹೋಗುತ್ತಿದ್ದ ಗೇಟಿನಲ್ಲಿ ಮೊಮ್ಮಗ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಶಾಹೀರಿ ಸತ್ತುಹೋಗಿದೆ, ಯಾರನ್ನು ಕರೆಯೋಣ ಅನ್ನುವ ಹಾಗಿಲ್ಲ. ಅಮರ್ ಶೇಖ್ 1969ರಲ್ಲಿ ತೀರಿಕೊಂಡರು, ಸರಿ. ಆದರೆ 2002ರಲ್ಲಿ, ಗುಜರಾತಿನ ಗಲಭೆಯ ಬೆನ್ನಿಗೆ, ಡಫ್ ಹಿಡಿದು ಎದ್ದ ಕಬೀರ್ ಕಲಾ ಮಂಚ್ ಹುಟ್ಟಿದ್ದು ಇದೇ ಪುಣೆಯಲ್ಲಿ. ತಿಂಗಳಿಗೊಂದು ಸಂಜೆ ಗೇಟು ತೆರೆದಿಟ್ಟು, ದುಡ್ಡು ಕೇಳದೆ, ಶಾಹೀರರಿಗೆ ಆ ಅಂಗಳ ಬಿಟ್ಟುಕೊಟ್ಟರೆ ಮಾಲೀಕರಿಗೆ ಎಷ್ಟು ನಷ್ಟವಾದೀತು, ನೀವೇ ಲೆಕ್ಕ ಹಾಕಿ.